ಗೊರಕೆಕುದ್ರುವಿಗೆ ಹೊರಟ ತೊಟ್ಟಿಲು

ಅಣ್ಣ ತೊಟ್ಟಿಲನ್ನು ದೋಣಿಯ ನಡುವೆ ಇಟ್ಟು ಹಗ್ಗ ಬಿಗಿಯುತ್ತಿದ್ದ. ನಾನು ಹಿಂಬದಿಯಲ್ಲಿ ಕುಕ್ಕರಗಾಲಲ್ಲಿ ಕೂತು, ರಾತ್ರಿ ಒಸರಿ ನಿಂತಿದ್ದ ನೀರನ್ನು ಅರ್ಧಕ್ಕೆ ಕತ್ತರಿಸಿದ ಎಣ್ಣೆಡಬ್ಬಿಯಲ್ಲಿ ಮೊಗೆದು ಹೊರಗೆ ಚೆಲ್ಲುತ್ತಿದ್ದೆ. ಇಬ್ಬರೂ ಮಾತಾಡಲಿಲ್ಲ. ಮಗಳು ಹುಟ್ಟಿ ಹನ್ನೊಂದು ದಿನವಾಗಿದ್ದರೂ ಅಣ್ಣ ಅವಳ ಮುಖ ಕಂಡಿರಲಿಲ್ಲ. ನನಗಂತೂ ಮಾತಿನ ಅಭ್ಯಾಸವೇ ಕಡಿಮೆ. ಡಬ್ಬಿ ತಳಕ್ಕೆ ತಾಗಿ ಕರ್ ಎನ್ನುವುದು, ನೀರು ನೀರಿಗೆ ಬೀಳುವುದು, ಇಷ್ಟೇ ಸದ್ದು.

ಆ ಸದ್ದನ್ನು ಮುರಿದದ್ದು ತಂಡೇಲ ಬೋಳಣ್ಣ. ದೋಣಿಯ ಯಜಮಾನ ಅವನೇ, ಚುಕ್ಕಾಣಿ ಹಿಡಿಯುವವನೂ ಅವನೇ. ಹೆಗಲ ಮೇಲೆ ಬಾಳೆಗೊನೆ ಹೊತ್ತು ದೋಣಿ ಕಟ್ಟುವ ಧಕ್ಕೆಯ ಮೆಟ್ಟಿಲಿಳಿಯುತ್ತಲೇ ಕೂಗಿದ, “ಎಂತ ಮಾರಾಯ ವಾಮನ, ತೊಟ್ಟಿಲು ಕೊಂಡು ಹೋಗುದಾ, ಅಲ್ಲ ಪರೀಕ್ಷೆ ಬರೀಲಿಕ್ಕೆ ಹೋಗುದಾ? ಇಬ್ರ ಮುಖವೂ ಒಣಗಿದ ಬಂಗುಡೆ ಹಾಗೆ ಉಂಟು!” ಅವನ ಹಿಂದೆ ಎಂಜಿನ್ನಿನ ಮಿಂಗೆಲಣ್ಣ, ಒಂದು ಕೈಯಲ್ಲಿ ಸೀಮೆಎಣ್ಣೆ ಕ್ಯಾನು, ಇನ್ನೊಂದರಲ್ಲಿ ಚಹಾದ ಕೆಟಲು. ಎಂಜಿನ್ನಿಗೂ ತನಗೂ ಒಟ್ಟಿಗೆ ಉಣಿಸದೆ ಅವನು ಎಲ್ಲಿಗೂ ಹೊರಡುವವನಲ್ಲ.

ನಮ್ಮ ಹಿನ್ನೀರಿನ ಕುದ್ರುಗಳು, ಆ ಸಣ್ಣ ನಡುಗಡ್ಡೆಗಳು, ಸೂರ್ಯ ಮುಳುಗಿದ ಮೇಲೆ ನಡೆಯುತ್ತವೆ. ಬೆಳಗಾಗುವಾಗ ಎಲ್ಲಿ ಮುಟ್ಟಿದವೋ ಅಲ್ಲಿ ಸಂಜೆಯವರೆಗೆ ನಿಲ್ಲುತ್ತವೆ. ಉದ್ದನೆಯ ಮರಳದಿಣ್ಣೆ ಸಮುದ್ರವನ್ನು ಆಚೆಗೇ ತಡೆದಿರುವುದರಿಂದ ಹೊರಗೆ ತಪ್ಪಿಸಿಕೊಂಡು ಹೋದ ಕುದ್ರು ಒಂದೂ ಇಲ್ಲ. ಒಳಗೇ ಸುತ್ತುತ್ತವೆ. ಅಂಚೆಯ ಅಣ್ಣಪ್ಪಯ್ಯ ಎಲ್ಲ ಕುದ್ರುಗಳ ಕಾಗದವನ್ನೂ ಒಂದೇ ಚೀಲದಲ್ಲಿ ಇಟ್ಟುಕೊಂಡು, ದಾರಿಯಲ್ಲಿ ಸಿಕ್ಕಿದವರಿಗೆ ಸಿಕ್ಕಿದ್ದನ್ನು ಕೊಡುತ್ತಾರೆ. ಎರಡು ಕುದ್ರುಗಳು ರಾತ್ರಿ ಒಂದಕ್ಕೊಂದು ತಾಗಿದರೆ ಬೆಳಿಗ್ಗೆ ಎರಡೂ ಕಡೆಯ ಹೆಂಗಸರು ಮೊದಲು ಕೋಳಿ ಎಣಿಸುತ್ತಾರೆ, ಆಮೇಲೆ ಹರೆಯದ ಹುಡುಗಿಯರನ್ನು. ನಾನು ಓದುತ್ತಿದ್ದ ಶಾಲೆಯೂ ಒಂದು ಕುದ್ರುವಿನ ಮೇಲಿತ್ತು. ನನಗೆ ಜ್ವರ ಬಂದು ಮಲಗಿದ್ದ ವಾರ ಅದು ಮಕ್ಕಳನ್ನೂ ಮೇಷ್ಟ್ರನ್ನೂ ಹೊತ್ತುಕೊಂಡು ಹೋದದ್ದು ಮಳೆಗಾಲ ಮುಗಿದ ಮೇಲೆ ತಿರುಗಿ ಬಂತು. ಆಗ ಎಲ್ಲರಿಗೂ ಭಾಗಾಕಾರ ಬರುತ್ತಿತ್ತು, ನನಗೊಬ್ಬಳಿಗೆ ಬರುತ್ತಿರಲಿಲ್ಲ. ಕೇಳಲು ನಾಚಿಕೆಯಾಗಿ ಹೋಗುವುದನ್ನೇ ಬಿಟ್ಟೆ.

ಲೀಲತ್ತಿಗೆ ಬಾಣಂತನಕ್ಕೆ ತಾಯಿಮನೆಗೆ ಹೋಗಿದ್ದು ಗೊರಕೆಕುದ್ರುವಿಗೆ. ಆ ಕುದ್ರುವಿನ ಒಂದು ಬದಿಯ ಬಂಡೆಯಲ್ಲಿ ಪೊಟರೆಗಳಿವೆ. ಭರತದ ಏರುನೀರು ಅವುಗಳೊಳಗೆ ಹೊಕ್ಕು ಹೊರಡುವಾಗ, ಹಲಸಿನ ಹಣ್ಣು ತಿಂದು ಮಲಗಿದ ಗಂಡಸಿನ ಹಾಗೆ ಗೊರಕೆ ಹೊಡೆಯುತ್ತದೆ. ಮಗು ಹುಟ್ಟಿದ ಬೆಳಿಗ್ಗೆ ಅದು ಊರ ಧಕ್ಕೆಯ ಹತ್ತಿರವೇ ಬಂದು ನಿಂತಿತ್ತಂತೆ. ಅಣ್ಣ ಆಗ ಮೀನಿಗೆ ಹೋಗಿದ್ದ. ಅತ್ತಿಗೆಯ ಅಪ್ಪ ದಡದಿಂದಲೇ “ಹೆಣ್ಣು! ಹೆಣ್ಣು!” ಎಂದು ಕೂಗಿದರಂತೆ, “ಹೆಸರಿಡ್ಲಿಕ್ಕೆ ಗುಲಾಬಿಯೇ ಬರ್ಬೇಕಂತೆ, ಲೀಲಾ ಹೇಳಿದ್ದಾಳೆ!” ಎಂದರಂತೆ. ಗುಲಾಬಿ ಎಂದರೆ ನಾನೇ, ಮಗುವಿನ ಸೋದರತ್ತೆ. ಮರುದಿನ ಕುದ್ರು ಅಲ್ಲಿರಲಿಲ್ಲ. ಅಲ್ಲಿಂದೀಚೆ ಅಣ್ಣ ದಿನವೂ ಹುಡುಕಿ ಹೋಗಿ ಬರಿಗೈಯಲ್ಲಿ ಬರುತ್ತಿದ್ದ.

ಇಂದು ಹನ್ನೆರಡನೆಯ ದಿನ. ಸೋದರತ್ತೆ ತೊಟ್ಟಿಲು ತಂದು, ಮಗುವಿನ ಕಿವಿಯಲ್ಲಿ ತಾನೇ ಆರಿಸಿದ ಹೆಸರನ್ನು ಹೇಳಬೇಕು. ಅದಕ್ಕೆ ಮೊದಲು ಆ ಹೆಸರು ಬೇರೆ ಯಾರ ಕಿವಿಗೂ ಬೀಳಬಾರದು. ಸೂರ್ಯ ಮುಳುಗಿ ಕುದ್ರು ಕಾಲು ಕೀಳುವುದರೊಳಗೆ ಹೆಸರಾಗದಿದ್ದರೆ ಮಗುವಿಗೆ ಹುಟ್ಟಿದ ಕುದ್ರುವಿನ ಹೆಸರೇ ಗಟ್ಟಿ. ಆಮೇಲೆ ಬದಲಿಸುವಂತಿಲ್ಲ. ನಮ್ಮ ಊರಲ್ಲಿ ಹಾಗೆ ಹೆಸರು ಪಡೆದವರು ಇದ್ದಾರೆ. ಬೋಳಣ್ಣನ ತಲೆಯಲ್ಲಿ ಇವತ್ತಿಗೂ ಬಾಚಣಿಗೆ ಮುರಿಯುವಷ್ಟು ಕೂದಲಿದೆ. ಅವನು ಹುಟ್ಟಿದ್ದು ಬೋಳುಕುದ್ರುವಿನಲ್ಲಿ.

“ನನ್ನ ಸೋದರತ್ತೆಗೆ ಗೋಲಿಬಜೆ ಅಂದ್ರೆ ಪ್ರಾಣ,” ಎಂದು ಅವನು ದೋಣಿ ಹೊರಟ ಕೂಡಲೇ ಹೇಳತೊಡಗಿದ. ನಾವು ಎಷ್ಟೋ ಸಲ ಕೇಳಿದ ಕಥೆ. “ದಾರಿಯ ಒಂದೊಂದು ಕುದ್ರುವಿನಲ್ಲೂ ಇಳಿದು ತಿಂದಳು. ತಿಂದು ಕೈ ಒರೆಸಿ ಬರುವಾಗ ನಾನು ಬೋಳ ಆಗಿ ಆಗಿತ್ತು!” ಮಿಂಗೆಲಣ್ಣ ನಕ್ಕು ನಕ್ಕು ಚಹಾ ಚೆಲ್ಲಿದ. “ಈ ಹುಡುಗಿಗೆ ಆ ಭಯ ಇಲ್ಲ ಬೋಳಣ್ಣ, ಇವಳು ತಿನ್ಲಿಕ್ಕೂ ಬಾಯಿ ತೆಗಿಯುದಿಲ್ಲ,” ಎಂದ. ನಾನು ಸೆರಗನ್ನು ತಲೆಗೆ ಎಳೆದುಕೊಂಡು ತೊಟ್ಟಿಲಿನ ಮರೆಗೆ ಸರಿದೆ. ಆದರೆ ನಗು ಬಂದದ್ದು ಸುಳ್ಳಲ್ಲ.

ಅಂಥ ಬೆಳಗನ್ನು ನಾನು ಕಂಡಿರಲಿಲ್ಲ. ನೀರು ಎಣ್ಣೆ ಸವರಿದ ದೋಸೆಕಲ್ಲಿನಂತೆ ಹೊಳೆಯುತ್ತಿತ್ತು. ದೂರದಲ್ಲೊಂದು, ಹತ್ತಿರದಲ್ಲೊಂದು ಕುದ್ರು ತೆಂಗಿನ ತಲೆಗಳನ್ನು ಎತ್ತಿಕೊಂಡು, ರಾತ್ರಿ ನಡೆದ ಆಯಾಸಕ್ಕೋ ಎಂಬಂತೆ ಮಂಜಿನಲ್ಲಿ ಮೈ ಬಿಟ್ಟು ನಿಂತಿದ್ದವು. ನಾವು ಹಾದು ಹೋಗುವಾಗ ದಡದವರು ಕೂಗಿ ಮಾತಾಡಿಸುತ್ತಿದ್ದರು. ಒಬ್ಬಳು ಬೆಂಕಿಪೆಟ್ಟಿಗೆ ಕೇಳಿದಳು, ಮಿಂಗೆಲಣ್ಣ ತನ್ನದನ್ನೇ ಎಸೆದ. ಅದು ಅವಳ ಮಡಿಲಿಗೇ ಬಿತ್ತು. ಇನ್ನೊಬ್ಬ ಮುದುಕ, ತನ್ನ ದನ ಎದುರಿನ ಕುದ್ರುವಿಗೆ ದಾಟಿ ಹೋಗಿದೆ, ದಾರಿಯಲ್ಲಿ ಸಿಕ್ಕಿದರೆ ಹಾಲು ಕರೆಯದೆ ಬಿಡಬೇಡಿ, ಕೆಚ್ಚಲು ನೋಯುತ್ತದೆ ಎಂದ. ತೊಟ್ಟಿಲು ಕಂಡವರೆಲ್ಲ “ಯಾರ ಮನೆಯದ್ದು? ಎಂತ ಮಗು?” ಎಂದು ಕೇಳುತ್ತಿದ್ದರು. ಅಣ್ಣ ಮೊದಲೆರಡು ಸಲ ಮೆಲ್ಲಗೆ “ಹೆಣ್ಣು” ಎಂದವನು, ಆಮೇಲೆ ಎದ್ದು ನಿಂತು, ಕೇಳದವರಿಗೂ ಹೇಳತೊಡಗಿದ.

ಗೊರಕೆಕುದ್ರು ಎಲ್ಲಿ ಎಂದು ಕೇಳಿದರೆ ಮಾತ್ರ ಒಬ್ಬೊಬ್ಬರದು ಒಂದೊಂದು ಉತ್ತರ. ಒಬ್ಬರು ತೆಂಕಿಗೆ ಕೈ ತೋರಿದರು, ಒಬ್ಬರು ಬಡಗಿಗೆ. ಮೂಗುಕುದ್ರುವಿನ ಒಬ್ಬ ಅಜ್ಜಿ, “ನಿನ್ನೆ ಬೈಗಿಗೆ ಮಂಡೆ ತಗ್ಗಿಸಿಕೊಂಡು ಆಚೆ ಹೋಯ್ತು ಮಗಾ, ಯಾರ ಹತ್ರವೋ ಕೋಪ ಮಾಡಿಕೊಂಡ ಹಾಗಿತ್ತು,” ಎಂದಳು. ಎಂದವಳು ಸುಮ್ಮನೆ ಬಿಟ್ಟಳೇ? ತೊಟ್ಟಿಲು ಹೊತ್ತವರು ಬಾಯಿ ಸಿಹಿ ಮಾಡದೆ ಅಂಗಳ ದಾಟಬಾರದೆಂದು ಬೆಲ್ಲದ ನೀರು, ಅವಲಕ್ಕಿ, ಕೊನೆಗೆ ಬಿಸಿಬಿಸಿ ಗೋಲಿಬಜೆಯನ್ನೂ ತಂದಿಟ್ಟಳು. ಮಿಂಗೆಲಣ್ಣ ಬೋಳಣ್ಣನ ಮುಖ ನೋಡಿದ. ಬೋಳಣ್ಣ, “ಒಂದು ತಿಂದ್ರೆ ಹೆಸರು ಹೋಗುದಿಲ್ಲ,” ಎಂದು ತಟ್ಟೆ ಹತ್ತಿರ ಎಳೆದುಕೊಂಡ. ಬೇಡವೆಂದು ಹೇಳಲು ಬಾರದೆ ನಾನೂ ತಿಂದೆ. ಬೇಡವೆಂದು ಹೇಳಲು ಬಾರದವರಿಗೆ ಎರಡನೆಯ ಸಲವೂ ಬಡಿಸುತ್ತಾರೆ.

ಮಧ್ಯಾಹ್ನದವರೆಗೆ ಹೀಗೇ ಸುತ್ತಿದೆವು. ದಾರಿಯುದ್ದಕ್ಕೂ ಮೂವರೂ ನನ್ನ ಬಾಯಿಂದ ಹೆಸರು ಹೊರಡಿಸಲು ನೋಡಿದರು. “ಹೇಳುದು ಬೇಡ, ಬರೀ ತಲೆ ಆಡಿಸು,” ಎಂದು ಮಿಂಗೆಲಣ್ಣ ಶುರು ಮಾಡಿದ. “ರೋಜಾ? ಅಲ್ವಾ? ಫಿಲೋಮಿನಾ? ಅದೂ ಅಲ್ವಾ? ಒಳ್ಳೆ ಹೆಸರು ಮಾರಾಯ್ತಿ, ನನ್ನ ಅಕ್ಕನದ್ದು!” ಅಣ್ಣನೂ ನಡುವೆ ಬಾಯಿ ಹಾಕಿ, “ಗುಲಾಬಿ, ನಮ್ಮ ಅಮ್ಮನ ಹೆಸರಾ?” ಎಂದು ಕೇಳಿದ. ನಾನು ಡಬ್ಬಿ ಎತ್ತಿಕೊಂಡು ನೀರು ಮೊಗೆಯತೊಡಗಿದೆ. ಹೆಸರು ಹೇಳದೆ ಇರುವುದು ನನಗೆ ಕಷ್ಟವೇ ಆಗಿರಲಿಲ್ಲ. ಅಂಗಳದ ತುಂಬ ಜನ ಸುತ್ತ ನಿಂತು ನೋಡುವಾಗ ಅದನ್ನು ಹೇಳುವುದು ನೆನೆಸಿಕೊಂಡಾಗಲೆಲ್ಲ ತೊಟ್ಟಿಲಿನ ಹಗ್ಗವನ್ನು ಇನ್ನೊಮ್ಮೆ ಬಿಗಿಯುತ್ತಿದ್ದೆ. ಕಿವಿಯಲ್ಲಿ ಪಿಸುಗುಟ್ಟಿದರೆ ಸಾಕಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ.

ಹೊತ್ತು ವಾಲಿತು. ಕೊಡೆಕುದ್ರುವಿಗೆ ಮುಟ್ಟಿದೆವು. ಅದು ದೊಡ್ಡದು, ಸುತ್ತಲೂ ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಪೊದೆ, ಒಳಗೆ ಒಂದೇ ಮನೆ. ಅಲ್ಲಿಯ ಹೆಂಗಸು ಮುಂಬಾಗಿಲಲ್ಲಿ ಕೂತು ಬಲೆ ಹೆಣೆಯುತ್ತಿದ್ದಳು. “ಗೊರಕೆಕುದ್ರುವಾ? ಈ ತಿಂಗಳಿನಲ್ಲಿ ನಾನು ಕಂಡದ್ದೇ ಇಲ್ಲ. ಬಂದದ್ದು ಬಂದಿರಿ, ಎಳನೀರು ಕುಡಿದು ಹೋಗಿ,” ಎಂದಳು. ಬೋಳಣ್ಣ ಮೊದಲ ಸಲ ಬೇಡವೆಂದ. ದೋಣಿ ಮತ್ತೆ ಹೊರಟಿತು. ಬೋಳಣ್ಣ ಸೂರ್ಯನನ್ನೊಮ್ಮೆ, ನೀರನ್ನೊಮ್ಮೆ ನೋಡುತ್ತಿದ್ದ. ಎಂಜಿನ್ನಿನ ಗದ್ದಲದ ಮೇಲೆ ಮೂವರೂ ಕಿರುಚಿ ಮಾತಾಡುತ್ತಿದ್ದರು. ಬಡಗಿಗೆ ಹೋಗುವ ಎಂದು ಅಣ್ಣ, ತೆಂಕಿಗೆ ಎಂದು ಮಿಂಗೆಲಣ್ಣ. “ಗೊರಕೆ! ಇಡೀ ಜೀವಮಾನ ಗೊರಕೆ ಅಂತ ಕರೀತಾರೆ ನನ್ನ ಮಗಳನ್ನು! ಮದುವೆಯ ಮಂಟಪದಲ್ಲೂ!” ಎಂದು ಅಣ್ಣ ತಲೆಗೆ ಕೈ ಹೊತ್ತ. ಅದನ್ನು ಕೇಳಿ ನನಗೆ ಅಳು ಬರಬೇಕಿತ್ತು, ನಗು ಬಂತು. ಅವನಿಗೂ ಬಂತು. ನಗುತ್ತಲೇ ಕಣ್ಣೊರೆಸಿಕೊಂಡ.

ಆಗ ನಾನು ದೋಣಿಯ ಅಂಚಿಗೆ ಕೈ ಊರಿ ನೀರು ನೋಡುತ್ತಿದ್ದೆ. ಕಸಕಡ್ಡಿ, ಒಣಗಿದ ತೆಂಗಿನ ಹೂವು ಎಲ್ಲ ಮರಳದಿಣ್ಣೆಯ ನಡುವಿನ ಕಿರಿದಾದ ಅಳಿವೆಯ ಕಡೆಯಿಂದ ಒಳಕ್ಕೆ ತೇಲಿ ಬರುತ್ತಿದ್ದವು. ಭರತ ಏರುತ್ತಿತ್ತು. ಹಾಗಾದರೆ ಗೊರಕೆಕುದ್ರು ಎಲ್ಲಿದ್ದರೂ ಈಗ ಗೊರಕೆ ಹೊಡೆಯುತ್ತಿರಬೇಕು. ನಮಗೆ ನಮ್ಮ ಮಾತೇ ಕೇಳಿಸುತ್ತಿರಲಿಲ್ಲ, ಗೊರಕೆ ಎಲ್ಲಿ ಕೇಳಬೇಕು? ಆದರೆ ಮಿಂಗೆಲಣ್ಣನ ಎಂಜಿನ್ನು ಒಮ್ಮೆ ನಿಂತರೆ ಮತ್ತೆ ಯಾವಾಗ ಏಳುವುದೆಂದು ಅದನ್ನು ಮಾಡಿದವನಿಗೂ ಗೊತ್ತಿರಲಿಲ್ಲ. ಅದಕ್ಕೆಂದೇ ನಾವು ಇಳಿದು ತಿನ್ನುವಾಗಲೂ ಅದು ದಡದಲ್ಲಿ ಗುಡುಗುಡು ಎನ್ನುತ್ತಲೇ ಇತ್ತು. ನಿಲ್ಲಿಸಿ ಎಂದು ಹೇಳಬೇಕು. ಯಾಕೆ ಎಂದು ಕೇಳುತ್ತಾರೆ. ಮೂವರೂ ನನ್ನ ಕಡೆಗೆ ತಿರುಗಿ ಕಾಯುತ್ತಾರೆ. ಎಷ್ಟು ಮಾತು! ನಾನು ಎದ್ದು, ತೊಟ್ಟಿಲು ದಾಟಿ, ಮಿಂಗೆಲಣ್ಣನ ಹಿಂದಿನಿಂದ ಕೈ ಚಾಚಿ, ಎಂಜಿನ್ನಿನ ಕಿವಿಯನ್ನು ತಿರುವಿಬಿಟ್ಟೆ.

ಒಮ್ಮೆಲೇ ಹಿನ್ನೀರೆಲ್ಲ ಹತ್ತಿರ ಬಂದಂತಾಯಿತು. “ಅಯ್ಯೋ ಜೇಸು!” ಎಂದು ಮಿಂಗೆಲಣ್ಣ ಎದೆಗೆ ಕೈ ಇಟ್ಟ. “ಎಂತ ಮಾಡಿದೆ ಹುಡುಗಿ? ಇನ್ನು ಇದನ್ನು ಎಬ್ಬಿಸುದು ಯಾರು, ನಿನ್ನ ಅಜ್ಜನಾ?” ನಾನು ತುಟಿಯ ಮೇಲೆ ಬೆರಳಿಟ್ಟೆ. ಬೋಳಣ್ಣನೊಬ್ಬ ನನ್ನ ಮುಖವನ್ನೂ ನೀರನ್ನೂ ನೋಡಿ ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದ.

ಮೊದಲು ನೀರು ದೋಣಿಗೆ ತಟ್ಟುವುದು ಕೇಳಿಸಿತು. ಆಮೇಲೆ ಎಲ್ಲೋ ಒಂದು ಕೊಕ್ಕರೆ. ಆಮೇಲೆ ನಮ್ಮ ಬೆನ್ನ ಹಿಂದಿನಿಂದ, ದೂರದಿಂದ, ಉದ್ದಕ್ಕೆ ಎಳೆದು ಬಿಟ್ಟ ಗೊರ್ರ್... ಗೊರ್ರ್... ನಾವು ಈಗಷ್ಟೇ ಬಿಟ್ಟು ಬಂದ ಕೊಡೆಕುದ್ರುವಿನ ಆಚೆ ಬದಿಯಿಂದ. ಕಾಂಡ್ಲಾ ಪೊದೆಯ ಹಿಂದೆ, ಆ ದೊಡ್ಡ ಕುದ್ರುವಿನ ಬೆನ್ನಿಗೆ ಬೆನ್ನು ಒರಗಿಸಿ ನಮ್ಮ ಗೊರಕೆಕುದ್ರು ಮಲಗಿತ್ತು. “ಅವಳ ಹಿತ್ತಿಲಿನಲ್ಲಿ!” ಎಂದು ಬೋಳಣ್ಣ ತೊಡೆ ತಟ್ಟಿಕೊಂಡ. “ಹಿತ್ತಿಲಿಗೆ ಕುದ್ರು ಬಂದು ಬಿದ್ದದ್ದು ಗೊತ್ತಾಗ್ಲಿಲ್ವಾ ಆ ಹೆಂಗ್ಸಿಗೆ? ಬಲೆ ಹೆಣಿತಾಳಂತೆ ಬಲೆ!”

ಎಂಜಿನ್ನು ಏಳಲಿಲ್ಲ. ಮಿಂಗೆಲಣ್ಣ ಹಗ್ಗ ಎಳೆದ, ಬೈದ, ಮುದ್ದು ಮಾಡಿದ, ಮತ್ತೆ ಬೈದ. ಕೊನೆಗೆ ಅದಕ್ಕೆ ಒಂದು ಒದೆ ಕೊಟ್ಟು ಹುಟ್ಟು ಎತ್ತಿಕೊಂಡ. ಅಣ್ಣ ಇನ್ನೊಂದು ಹುಟ್ಟು ಹಿಡಿದ, ಬೋಳಣ್ಣ ಉದ್ದದ ಬಿದಿರಿನ ಜಲ್ಲೆ ಊರಿ ತಳ್ಳತೊಡಗಿದ. ನನಗೆ ಏನೂ ಉಳಿದಿರಲಿಲ್ಲವಾದ್ದರಿಂದ ತೊಟ್ಟಿಲಿನ ತಳದ ಹಲಗೆಯನ್ನೇ ಬಿಚ್ಚಿ ಹುಟ್ಟಿನಂತೆ ನೀರಿಗೆ ಹಾಕಿದೆ. ಬೋಳಣ್ಣ ಲಯಕ್ಕೆ ಕೂಗು ಹಾಕಿದ, ಹೋಯ್ ಎಂದರೆ ಮುಳುಗಿಸುವುದು, ಹೈಸಾ ಎಂದರೆ ಎಳೆಯುವುದು. ಅಣ್ಣ “ಗೊರಕೆ ಬೇಡ” ಎಂದು ಅದಕ್ಕೆ ಸೇರಿಸಿದ. ಹೋಯ್, ಗೊರಕೆ ಬೇಡ, ಹೈಸಾ. ದಡದಲ್ಲಿ ನೋಡಿದವರಿಗೆ ನಮಗೆ ಮರುಳು ಹಿಡಿದಿದೆ ಎನಿಸಿರಬೇಕು. ನನ್ನ ಸೆರಗು ಎಲ್ಲೋ ಜಾರಿತ್ತು, ಕೂದಲು ಬಿಚ್ಚಿತ್ತು, ಮೈಯೆಲ್ಲ ಒದ್ದೆ. ಅದು ನನ್ನ ಗಮನಕ್ಕೆ ಬಂದದ್ದು ಆಮೇಲೆ.

ಕಾಂಡ್ಲಾ ಪೊದೆಯನ್ನು ಸುತ್ತಿ ಬರುವಾಗ ಸೂರ್ಯ ಮರಳದಿಣ್ಣೆಗೆ ತಾಗಿದ್ದ. ಎದುರಿಗೆ ಗೊರಕೆಕುದ್ರು. ದಡದ ತುಂಬ ಜನ, ಒಬ್ಬರ ಕೈಯಲ್ಲಿ ಆರತಿ ತಟ್ಟೆ. ನಡುವೆ ಕೆಂಪು ಸೀರೆ ಉಟ್ಟ ಲೀಲತ್ತಿಗೆ, ಎದೆಗೆ ಅವುಚಿದ ಬಿಳಿ ಬಟ್ಟೆಯ ಗಂಟು. ಅಣ್ಣ ಹುಟ್ಟು ಬಿಟ್ಟು ಎದ್ದುನಿಂತ. ದೋಣಿ ಓಲಾಡಿತು. ನಮಗೂ ಅವರಿಗೂ ನಡುವೆ ಇನ್ನೂ ಅಗಲವಾದ ನೀರಿತ್ತು. ಎಷ್ಟು ಎಳೆದರೂ ಸೂರ್ಯ ನಮಗಿಂತ ಮೊದಲು ಇಳಿಯುತ್ತಿದ್ದ. ಅದು ನಾಲ್ವರಿಗೂ ಒಟ್ಟಿಗೇ ಗೊತ್ತಾಯಿತು.

ಬೋಳಣ್ಣ ಜಲ್ಲೆಯನ್ನು ದೋಣಿಯೊಳಗೆ ಹಾಕಿದ. “ಕೂಗು,” ಎಂದ ನನಗೆ.

“ಕಿವಿಯಲ್ಲಿ ಹೇಳ್ಬೇಕಲ್ಲ ಬೋಳಣ್ಣ,” ಎಂದೆ. ಆ ದಿನ ನಾನು ಆಡಿದ ಮೊದಲ ಮಾತು ಅದೇ ಇರಬೇಕು.

“ಕಿವಿ ಅಲ್ಲಿ ಉಂಟು, ಬಾಯಿ ಇಲ್ಲಿ ಉಂಟು. ನಡುವೆ ಸ್ವಲ್ಪ ನೀರು. ಅಷ್ಟೇ ಅಲ್ವಾ? ಕೂಗು.”

ದಡದವರೆಲ್ಲ ನನ್ನನ್ನೇ ನೋಡುತ್ತಿದ್ದರು. ನಾನು ತೊಟ್ಟಿಲಿನ ಮರೆಗೆ ಸರಿದೆ. ಬೋಳಣ್ಣ ಹತ್ತಿರ ಬಂದು, ಉಳಿದ ಇಬ್ಬರಿಗೆ ಕೇಳದಂತೆ ಮೆಲ್ಲಗೆ ಹೇಳಿದ, “ನನ್ನ ಅತ್ತೆ ಗೋಲಿಬಜೆ ಗೀಲಿಬಜೆ ಎಂತದ್ದೂ ತಿನ್ಲಿಲ್ಲ ಮಗಾ. ಅದು ನಾನು ಮಾಡಿದ ಕಥೆ. ಅವಳು ಹೀಗೆಯೇ, ಇಷ್ಟೇ ದೂರದಲ್ಲಿ, ದೋಣಿಯಲ್ಲಿ ನಿಂತಿದ್ದಳಂತೆ. ಅಷ್ಟು ಜನರ ಎದುರು ಕೂಗ್ಲಿಕ್ಕೆ ನಾಚಿಕೆ ಆಯ್ತಂತೆ ಅವಳಿಗೆ. ಸಾಯುವವರೆಗೆ ನನ್ನ ಮುಖ ನೋಡಿ ಮಾತಾಡ್ಲಿಲ್ಲ ಪಾಪ. ನಾನು ಎಂತ ಹೆಸರಾಗಬೇಕಿತ್ತು ಅಂತ ಇವತ್ತಿಗೂ ನನಗೆ ಗೊತ್ತಿಲ್ಲ.”

ನಾನು ದೋಣಿಯ ಮೂತಿಗೆ ಹೋಗಿ ನಿಂತೆ. ಬಾಯಿ ತೆರೆದೆ. ಬರೀ ಗಾಳಿ ಹೊರಟಿತು. ಕಣ್ಣು ಮುಚ್ಚಿ, ಹೊಟ್ಟೆಯಲ್ಲಿದ್ದುದನ್ನೆಲ್ಲ ಒಟ್ಟು ಮಾಡಿ ಇನ್ನೊಮ್ಮೆ ತೆರೆದೆ.

“ವನಮಾಲಾ!”

ಅದು ನನ್ನ ದನಿ ಎಂದು ನನಗೆ ಗೊತ್ತಾಗಲಿಲ್ಲ. ಕಾಂಡ್ಲಾ ಪೊದೆಯಿಂದ ಕೊಕ್ಕರೆಗಳು ಎದ್ದವು. ಕುದ್ರುವಿನ ತೆಂಗುಗಳಿಗೆ ತಾಗಿ ಅದು ನನ್ನ ಕಡೆಗೇ ತಿರುಗಿ ಬಂತು. ಶಾಸ್ತ್ರಕ್ಕೆ ಮೂರು ಸಲ ಬೇಕು. ಇನ್ನೆರಡು ಸಲ ಕೂಗಿದೆ. ಮೂರನೆಯದನ್ನು ಕೂಗುವಾಗ, ಹೇಳಲು ನಾಚಿಕೆ, ನನಗೆ ಸುಖವೇ ಆಯಿತು. ಶಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಹುಡುಗಿ ವನಮಾಲಾ. ಮೇಷ್ಟ್ರು ನನ್ನನ್ನು ಕೇಳಿದರೆ ಅವಳೇ ಉತ್ತರ ಹೇಳಿಬಿಡುತ್ತಿದ್ದಳು, ಪೆಟ್ಟು ತಿಂದರೂ.

ದಡದಲ್ಲಿ ಲೀಲತ್ತಿಗೆ ಬಟ್ಟೆಯ ಗಂಟನ್ನು ನಮ್ಮ ಕಡೆ ಎತ್ತಿ ಹಿಡಿದಿದ್ದಳು, ಒಂದು ಪುಟ್ಟ ಕಿವಿಯ ಮೇಲಿಂದ ಬಟ್ಟೆ ಸರಿಸಿ. ಆಮೇಲೆ ತಲೆ ಬಾಗಿಸಿ ಮಗುವಿಗೆ ಏನೋ ಹೇಳಿದಳು. ಆಮೇಲೆ ಇಡೀ ಕುದ್ರು ಒಂದೇ ಬಾಯಲ್ಲಿ ಕೂಗಿತು, “ವನಮಾಲಾ!” ಅತ್ತಿಗೆಯ ಅಪ್ಪ ಇದ್ದವರಿಗೆಲ್ಲ ಕೇಳುವಂತೆ, “ಸೂರ್ಯ ಇನ್ನೂ ಉಂಟು! ನಾನು ಕಂಡಿದ್ದೇನೆ, ಇನ್ನೂ ಉಗುರಿನಷ್ಟು ಉಂಟು!” ಎಂದು ಕುಣಿದರು. ಉಗುರೂ ಮುಳುಗಿತು.

ಕುದ್ರು ಮೆಲ್ಲಗೆ ಅಲುಗಾಡಿ, ಬೆನ್ನು ಬಿಡಿಸಿಕೊಂಡು ಹೊರಟಿತು. “ಹಗ್ಗ! ಹಗ್ಗ ಹಾಕಿ ಮಾರಾಯ್ರೆ!” ಎಂದು ಬೋಳಣ್ಣ ಕಿರುಚಿದ. ದಡದಿಂದ ಹಾರಿ ಬಂದ ಹಗ್ಗವನ್ನು ಅಣ್ಣ ನೀರಿಗೆ ಧುಮುಕಿ ಹಿಡಿದು, ದೋಣಿಗೆ ಕಟ್ಟಿ, ತಾನು ದಡಕ್ಕೆ ಈಜಿದ. ಅತ್ತ ತುದಿಯನ್ನು ಯಾರೋ ತೆಂಗಿನ ಬುಡಕ್ಕೆ ಸುತ್ತಿದರು. ಕುದ್ರು ನಡೆಯಿತು, ನಮ್ಮ ದೋಣಿ ತಾಯಿಯ ಹಿಂದೆ ಕರು ಹೋದಂತೆ ಹಿಂಬಾಲಿಸಿತು. ನಮ್ಮನ್ನು ದಡಕ್ಕೆ ಎಳೆದುಕೊಳ್ಳುವಾಗ ಅಣ್ಣ ಅತ್ತಿಗೆಯ ಪಕ್ಕದಲ್ಲಿ ನಿಂತು, ತಲೆಯಿಂದ ಕಾಲಿನವರೆಗೆ ನೀರು ಸುರಿಸುತ್ತಾ, ಮಗುವನ್ನು ಮುಟ್ಟಲೂ ಹೆದರಿ, ಸುಮ್ಮನೆ ನೋಡುತ್ತಿದ್ದ.

ಅಂಗಳದಲ್ಲಿ ಎಲೆ ಹಾಕಿದರು. ಮಿಂಗೆಲಣ್ಣ ತನ್ನ ಅಕ್ಕನ ಹೆಸರೇ ಹೆಚ್ಚು ಚಂದ ಇತ್ತು ಎಂದು ಮೂರು ಮಂದಿಯೊಡನೆ ವಾದ ಮಾಡಿದ. ಬೋಳಣ್ಣ ಯಾರು ಬಡಿಸಿದರೂ ಬೇಡವೆನ್ನಲಿಲ್ಲ. ತೊಟ್ಟಿಲಿನ ಹಲಗೆ ಒದ್ದೆಯಾಗಿದ್ದುದರಿಂದ ಅದನ್ನು ಒಲೆಯ ಹತ್ತಿರ ಒಣಗಲಿಟ್ಟು, ಅದು ಒಣಗುವವರೆಗೆ ಮಗುವನ್ನು ಸೋದರತ್ತೆಯೇ ಹಿಡಿದುಕೊಳ್ಳಲಿ ಎಂದು ಲೀಲತ್ತಿಗೆ ತಂದು ನನ್ನ ಮಡಿಲಲ್ಲಿ ಇಟ್ಟಳು. “ನಿನ್ನ ಗಂಟಲು ಇಷ್ಟು ವರ್ಷ ಎಲ್ಲಿ ಇಟ್ಟಿದ್ದೆಯೇ?” ಎಂದು ಕೆನ್ನೆ ಚಿವುಟಿ ಹೋದಳು.

ನಾನು ದಡದ ಕಡೆಗೆ ಮುಖ ಮಾಡಿ ಜಗಲಿಯಲ್ಲಿ ಕೂತೆ. ಕುದ್ರು ನಡೆಯುತ್ತಿತ್ತು. ತುಸು ಹೊತ್ತಿನಲ್ಲಿ ನೀರಿನಾಚೆ ನಮ್ಮ ಊರು ಒಂದೊಂದೇ ದೀಪ ಹಚ್ಚಿಕೊಂಡು ಮೆಲ್ಲಗೆ ಹಾದುಹೋಗತೊಡಗಿತು. ಮಗು ಬೆಚ್ಚಗೆ, ಹಿಡಿ ಅಕ್ಕಿಯಷ್ಟು ಭಾರವಾಗಿ, ನಿದ್ದೆಯಲ್ಲಿತ್ತು. ನಾನು ಬಾಗಿದೆ.

“ವನಮಾಲಾ, ಒಮ್ಮೆ ಕಣ್ಣು ಬಿಡು. ಊರು ಕಾಣ್ತದೆ.”